ಮೂರಡಿ ಹಿಂದೆ

ಡೆನ್‌ಬಿ, ಅಯೋವಾ
ಏಪ್ರಿಲ್ 14, 2024

ಮಾರೆನ್ ಪುಟ್ಟಿಗೆ,

ಇಲ್ಲಿ ಎಲ್ಲವೂ ಸರಿಯಾಗಿದೆ, ನನ್ನ ಎಡಗಿವಿಯೊಂದನ್ನು ಬಿಟ್ಟು. ಬಲಗಿವಿ ಹೋಗಿ ವರ್ಷಗಳಾದವಲ್ಲ, ಈಗ ಎಡದ್ದೂ ಅದರ ದಾರಿ ಹಿಡಿದಿದೆ. ಮೊನ್ನೆ ಫೋನಿನಲ್ಲಿ ನೀನು ಏನೋ ಹೇಳಿದೆ, ನಾನು "ಹೂಂ ಹೂಂ, ತುಂಬಾ ಸಂತೋಷ" ಅಂದೆ. ಫೋನಿಟ್ಟ ಮೇಲೆ ನಿನ್ನ ಅಜ್ಜಿ, "ಅಲ್ಲ ವರ್ಲಿನ್, ಮಗು ಜ್ವರ ಬಂದಿದೆ ಅಂದ್ರೆ ಸಂತೋಷ ಅಂತೀಯಲ್ಲ!" ಎಂದು ಬೈದಳು. ಆದ್ದರಿಂದ ಇನ್ನು ಕಾಗದವೇ ಲೇಸು. ಹೈಸ್ಕೂಲು ಮುಗಿಸದವನ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನೀನೂ ನಿನ್ನ ಅಮ್ಮನೂ ಕಾರ್ವರ್ ಸಿಟಿಗೆ ಹೋಗಿ ತಿಂಗಳಾಯಿತು. ನವೆಂಬರಿನಿಂದ ಮಾರ್ಚಿನವರೆಗೆ ಹಿತ್ತಿಲ ಬಾಗಿಲಲ್ಲಿ ನಾಲ್ಕು ಜೊತೆ ಬೂಟುಗಳಿದ್ದವು, ಈಗ ಎರಡು. ಸಂಜೆ ನಾಲ್ಕಾದರೆ ನನ್ನ ಕಾಲು ತಾನಾಗಿ ಶೆಡ್ಡಿನ ಕಡೆ ಹೋಗುತ್ತದೆ. ಬಕೆಟ್ ಬೋರಲು ಹಾಕಿ, ಕೈಗೆ ಗ್ಲೋವ್ ತೊಟ್ಟು ಕೂರುತ್ತೇನೆ. ಎದುರಿಗೆ ನೀನು ನಿಂತು ಎಸೆಯುತ್ತಿದ್ದ ಹಲಗೆ, ಅದರ ಹಿಂದೆ ಹಳೆಯ ಟ್ರ್ಯಾಕ್ಟರು. ಟ್ರ್ಯಾಕ್ಟರು ಚೆಂಡು ಎಸೆಯುವುದಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತೇನೆ.

ಆ ಹಲಗೆ ಹಾಕಿದಾಗ ನಿನ್ನ ಅಮ್ಮನಿಗೆ ನಿನ್ನದೇ ವಯಸ್ಸು. ನನಗೆ ಈ ಸಾಫ್ಟ್‌ಬಾಲ್ ಆಟ ಕಲಿಸಿದವರು ಯಾರೂ ಇಲ್ಲ. ತೋಳನ್ನು ಚಕ್ರದ ಹಾಗೆ ಸುತ್ತಿ ಸೊಂಟದ ಕೆಳಗಿನಿಂದ ಚೆಂಡು ಬಿಡುವುದನ್ನು ಊರ ಗ್ರಂಥಾಲಯದ ಪುಸ್ತಕ ನೋಡಿ ಕಲಿತೆ. ಆ ಪುಸ್ತಕದ ಚೀಟಿಯಲ್ಲಿ ಹನ್ನೊಂದು ಸಲ ನನ್ನದೇ ಹೆಸರು. ಎಸೆಯುವ ಹಲಗೆಯಿಂದ ಬ್ಯಾಟು ಬೀಸುವವಳ ಮುಂದಿನ ಪ್ಲೇಟಿಗೆ ನಲವತ್ತು ಅಡಿ ಎಂದು ಅದರಲ್ಲಿತ್ತು. ಮೂರು ಸಲ ಅಳೆದು ಕಾಂಕ್ರೀಟಿಗೆ ಬೋಲ್ಟು ಬಿಗಿದೆ, ಕೂದಲೆಳೆ ಆಚೀಚೆ ಇಲ್ಲ. ನಾನು ಕೆಲಸ ಮಾಡುತ್ತಿದ್ದ ಗೋದಾಮಿನಲ್ಲಿ ಮುಸುಕಿನ ಜೋಳ ಮೇಲೆತ್ತುವ ಹಳೆಯ ರಬ್ಬರ್ ಬೆಲ್ಟನ್ನು ತಂದು ಹಲಗೆಯ ಮುಂದೆ ಹಾಸಿದೆ. ಐದು ವರ್ಷ ನಿನ್ನ ಅಮ್ಮ ಬಲಗಾಲಿನ ಬೆರಳನ್ನು ಎಳೆದೆಳೆದು ಆ ಬೆಲ್ಟಿನಲ್ಲಿ ಒಂದು ಗುಳಿಯನ್ನೇ ಮಾಡಿದಳು. ಈ ಚಳಿಗಾಲ ನಿನ್ನ ಕಾಲು ನೇರ ಆ ಗುಳಿಯಲ್ಲೇ ಬಿತ್ತಲ್ಲ, ಆವತ್ತು ನನಗೆ ಸಂತೋಷದಿಂದ ಊಟ ಸೇರಲಿಲ್ಲ.

ಮೇ ತಿಂಗಳಲ್ಲಿ ಆಯ್ಕೆ. ನಮ್ಮಲ್ಲಿ ಎಂಟನೇ ಕ್ಲಾಸಿನವರೂ ಬೇಸಿಗೆಯಲ್ಲಿ ಹೈಸ್ಕೂಲಿಗೆ ಆಡಬಹುದು, ಬಾಗಿಲು ತೆರೆದಿರುವಾಗಲೇ ನುಗ್ಗಬೇಕು. ಶಾಲೆಯ ಮೊದಲ ತಂಡ, ವಾರ್ಸಿಟಿ, ಅದೇ ನಿನ್ನ ಜಾಗ. ನಿನ್ನ ಅಮ್ಮ ಎಂಟನೆಯಲ್ಲೇ ವಾರ್ಸಿಟಿ. ಜಾಕೆಟ್ಟಿನ ತೋಳಿನಲ್ಲಿ ಐದು ಬೇಸಿಗೆಗೆ ಐದು ಪಟ್ಟಿ, ಡೆನ್‌ಬಿಯಲ್ಲಿ ಇನ್ಯಾವ ಹುಡುಗಿಗೂ ಇಲ್ಲ. ಮೊದಲ ವರ್ಷ ಎರಡನೇ ತಂಡದಲ್ಲಿ ಕೂತವರು ಅಲ್ಲೇ ಕೂತುಬಿಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ. ಹೊಸ ಊರಿನಲ್ಲಿ ನೀನು ಯಾರೆಂದು ಯಾರಿಗೂ ಗೊತ್ತಿಲ್ಲ. ಒಂದು ವಾರದಲ್ಲಿ ಗೊತ್ತಾಗಬೇಕು.

ನಿನ್ನ ಬಕೆಟ್ ಅಜ್ಜ,
ವರ್ಲಿನ್

ಜ್ವರ ಬಿಟ್ಟಿತಾ ಕಂದಾ? ಇವನು ಅದನ್ನು ಕೇಳಲೇ ಇಲ್ಲ ನೋಡು. — ಅಜ್ಜಿ ಆರ್ಲಿಸ್


ಕಾರ್ವರ್ ಸಿಟಿ
ಮೇ 18, 2024

ಅಜ್ಜಾ,

ಆಗಲಿಲ್ಲ.

ಮೊದಲೇ ಬರೆಯಬೇಕಿತ್ತು. ಹಾಳೆ ತೆಗೆದಾಗಲೆಲ್ಲ ನೀನು ಬಕೆಟ್ಟಿನ ಮೇಲೆ ಕೂತದ್ದು ನೆನಪಾಗಿ ಮಡಚಿಡುತ್ತಿದ್ದೆ. ನನ್ನನ್ನು ಎರಡನೇ ತಂಡಕ್ಕೆ ಹಾಕಿದ್ದಾರೆ. ಜೆವಿ. ವಾರ್ಸಿಟಿಗೆ ಎಂಟನೇ ಕ್ಲಾಸಿನವಳು ಒಬ್ಬಳೇ ಹೋದಳು, ಪೇಟನ್ ಅಂತ, ಅವಳೂ ಪಿಚ್ಚರೇ, ನನ್ನ ಹಾಗೆ ಚೆಂಡು ಎಸೆಯುವವಳು.

ಏನಾಯಿತೋ ನನಗೆ ಅರ್ಥವಾಗುತ್ತಿಲ್ಲ. ಶೆಡ್ಡಿನಲ್ಲಿ ನೀನು ಗ್ಲೋವ್ ಎಲ್ಲಿಟ್ಟರೆ ಅಲ್ಲಿಗೆ ಬೀಳುತ್ತಿದ್ದ ಚೆಂಡು ಇಲ್ಲಿ ಮಣ್ಣಿಗೆ ಬೀಳುತ್ತದೆ. ಒಂದಲ್ಲ, ಎಲ್ಲವೂ. ನಿಧಾನದ ಚೆಂಡಂತೂ ಪ್ಲೇಟಿನ ಮುಂದೆ ಸತ್ತ ಇಲಿಯ ಹಾಗೆ ಬೀಳುತ್ತದೆ. ಕೋಚ್ ಒಳ್ಳೆಯವರೇ. "ತೋಳು ಚೆನ್ನಾಗಿದೆ ಮಾರೆನ್, ಆದ್ರೆ ಚೆಂಡು ಬರೋ ಹೊತ್ತಿಗೆ ಜೀವ ಹೋಗಿರುತ್ತೆ" ಅಂದರು. ಎತ್ತರಿಸಿ ಎಸೆದೆ, ಹಿಡಿಯುವವಳ ತಲೆಯ ಮೇಲೆ ಹೋಯಿತು. ಬೆಂಚಿನಲ್ಲಿ ಯಾರೋ ನಕ್ಕರು.

ಆಯ್ಕೆಯ ದಿನ ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ಅಮ್ಮಂದಿರು ಕೂತಿದ್ದರು. ಒಬ್ಬರು ಹೇಳುತ್ತಿದ್ದರು, "ಎಂಟರಲ್ಲಿ ಬರ್ಲಿಲ್ಲ ಅಂದ್ರೆ ಮುಗೀತು ಕಣೇ. ಕಾಲೇಜಿನವ್ರು ತಿರುಗಿ ಕೂಡ ನೋಡಲ್ಲ." ಇನ್ನೊಬ್ಬರು, "ಥೂ ಸುಮ್ನಿರೇ, ಆ ಹುಡುಗಿ ಮುಂದೇನೇ ಕೂತಿದೆ" ಅಂದರು. ಆ ಹುಡುಗಿ ಎಂದರೆ ನಾನು.

ಕಾರಿನಲ್ಲಿ ಅತ್ತೆ. ಅಮ್ಮ ತಕ್ಷಣ "ಪರವಾಗಿಲ್ಲ" ಅಂದಳು. ತುಂಬಾ ಬೇಗ ಅಂದಳು. ಮನೆಗೆ ಬಂದು ರಾತ್ರಿ ಊಟಕ್ಕೆ ಪ್ಯಾನ್‌ಕೇಕ್ ಮಾಡಿದಳು, ನನ್ನ ಹುಟ್ಟಿದ ಹಬ್ಬವೇನೋ ಎನ್ನುವಂತೆ. ನನಗೆ ಅವಳ ಐದು ಪಟ್ಟಿ ನೆನಪಾಗಿ ತಟ್ಟೆ ಸರಿಸಿಟ್ಟೆ.

ಅಜ್ಜಾ, ನಿಜ ಹೇಳು. ಈಗ ಆಗದಿದ್ದರೆ ಮುಂದೆ ಆಗುವುದಿಲ್ಲವಾ? ಬಿಟ್ಟುಬಿಡುವುದಾದರೆ ಈಗಲೇ ಬಿಡುವುದು ಒಳ್ಳೆಯದಲ್ಲವಾ?

ಮಾರೆನ್


ಡೆನ್‌ಬಿ
ಮೇ 24, 2024

ಪುಟ್ಟಿ,

ಬಿಡುವ ಮಾತು ಆಡಬೇಡ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿ ಯೋಚಿಸಿದೆ. ನಿನ್ನ ಮಣಿಕಟ್ಟಿನಲ್ಲಿದೆ ತೊಂದರೆ. ಹೊಸ ಜನರನ್ನು ಕಂಡು ಕೈ ಬಿಗಿಹಿಡಿದಿದ್ದೀಯ, ಕೊನೆಯಲ್ಲಿ ಮಣಿಕಟ್ಟು ಚಾವಟಿಯ ಹಾಗೆ ಬೀಸುತ್ತಿಲ್ಲ. ಶೆಡ್ಡಿನಲ್ಲಿ ಬೀಳುತ್ತಿದ್ದ ಚೆಂಡು ಅಲ್ಲಿ ಬೀಳುತ್ತಿಲ್ಲವೆಂದರೆ ಬದಲಾದದ್ದು ನೀನೇ ತಾನೇ? ಚೆಂಡು ಅದೇ, ದೂರ ಅದೇ. ದಿನಕ್ಕೆ ಐವತ್ತು ಚೆಂಡು ಹೆಚ್ಚು ಎಸಿ. ನಿಮ್ಮ ಮನೆಯ ಹಿಂದಿನ ಇಟ್ಟಿಗೆ ಗೋಡೆಗೆ ಚೌಕ ಬರೆದುಕೋ. ನಿನ್ನ ಅಮ್ಮ ಜ್ವರವಿದ್ದರೂ ಎಸೆಯುತ್ತಿದ್ದಳು. ಜೂನಿನಲ್ಲಿ ಕೋಚ್ ಮನಸ್ಸು ಬದಲಿಸಿದರೂ ಬದಲಿಸಬಹುದು.

ಧೈರ್ಯವಾಗಿರು. ಹೆದರಿಕೆಯನ್ನು ಮಾತ್ರ ಬಿಡು.

ಅಜ್ಜ


ಡೆನ್‌ಬಿ
ಜೂನ್ 7, 2024

ಮಾರೆನ್,

ಹಿಂದಿನ ಕಾಗದ ನಿನ್ನ ಹತ್ತಿರ ಇದ್ದರೆ ಹರಿದು ಒಲೆಗೆ ಹಾಕು. ಒಲೆ ಇಲ್ಲದಿದ್ದರೆ ಕಸಕ್ಕೆ ಹಾಕು. ಇದನ್ನು ಬರೆಯಲು ನನಗೆ ಐದು ದಿನ ಹಿಡಿಯಿತು. ಇದು ನಾಲ್ಕನೇ ಹಾಳೆ.

ಭಾನುವಾರ ಚರ್ಚು ಮುಗಿಸಿ ಪೆಟ್ರೋಲ್ ಬಂಕಿನ ಕಾಫಿ ಮೇಜಿಗೆ ಹೋಗಿದ್ದೆ. ಡುವೇನ್ ಬಂದಿದ್ದ. ಅವನು ನಿನಗೆ ಗೊತ್ತು, ಮೂವತ್ತು ವರ್ಷ ಅಂಪೈರ್ ಆಗಿದ್ದವನು, ಕ್ರಿಸ್‌ಮಸ್ಸಿಗೆ ನಿನಗೆ ಬಾದಾಮಿ ಮಿಠಾಯಿ ಕೊಟ್ಟನಲ್ಲ.

"ಏನಯ್ಯಾ ವರ್ಲಿನ್, ಮೊಮ್ಮಗಳು ಹೇಗೆ ಎಸೀತಿದ್ದಾಳೆ?" ಅಂದ.

"ಇಲ್ಲಿ ಚೆನ್ನಾಗೇ ಎಸೀತಿದ್ಲು. ಅಲ್ಲಿ ಚೆಂಡು ಪ್ಲೇಟಿಗೇ ಮುಟ್ತಿಲ್ವಂತೆ."

"ಶೆಡ್ಡಲ್ಲಿ ಎಷ್ಟು ದೂರದಿಂದ ಎಸೆಸ್ತಿದ್ದೆ?"

"ಎಷ್ಟು ದೂರ ಅಂದ್ರೇನು? ನಲವತ್ತಡಿ. ಎಲ್ರೂ ಎಸೆಯೋ ಅಷ್ಟೇ."

ಅವನು ಕಾಫಿ ಕೆಳಗಿಟ್ಟ. ನನ್ನ ಎಡಗಿವಿಗೆ ಬಾಯಿ ತಂದು ಇಡೀ ಬಂಕಿಗೆ ಕೇಳುವಂತೆ ಕೂಗಿದ. "ನಲವತ್ತಮೂರು ಮಾರಾಯಾ! ನಲವತ್ತಮೂರು! ಹೈಸ್ಕೂಲಿನವ್ರನ್ನ ಹಿಂದಕ್ಕೆ ಸರಿಸಿ ಹದಿನಾಲ್ಕು ವರ್ಷ ಆಯ್ತು. ಸಣ್ಣ ಮಕ್ಕಳದ್ದು ಮಾತ್ರ ಈಗ್ಲೂ ನಲವತ್ತು. ನೀನ್ಯಾವ ಲೋಕದಲ್ಲಿದ್ದೆ?"

ಕೌಂಟರಿನ ಹುಡುಗಿ, "ನಮ್ಮನೆ ಬೆಕ್ಕಿಗೂ ಗೊತ್ತು ಅದು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ತೋರುತ್ತದೆ. ಕಾಫಿ ಬಿಟ್ಟು ಬಂದೆ.

ನಿನ್ನ ಅಮ್ಮನ ಆಟ ಮುಗಿದ ಮೇಲೆ ನಾನು ಒಂದು ಆಟಕ್ಕೂ ಹೋಗಿರಲಿಲ್ಲ. ಅವಳಿಲ್ಲದ ಮೈದಾನ ನನಗೆ ಬೇಕಿರಲಿಲ್ಲ. ಅಷ್ಟರಲ್ಲಿ ಅವರು ಹಲಗೆಯನ್ನು ಹಿಂದಿಟ್ಟಿದ್ದಾರೆ, ನಾನು ಇಪ್ಪತ್ತೈದು ವರ್ಷದ ಹಿಂದೆಯೇ ಕೂತಿದ್ದೇನೆ.

ಮನೆಗೆ ಬಂದು ಅಳತೆಪಟ್ಟಿ ತೆಗೆದೆ. ಅಜ್ಜಿ ಒಂದು ತುದಿ ಹಿಡಿದಳು.

"ನಲವತ್ತು" ಅಂದಳು.

"ಇನ್ನೊಂದ್ಸಲ ನೋಡು."

"ಹತ್ತು ಸಲ ನೋಡಿದ್ರೂ ಪಟ್ಟಿ ಉದ್ದ ಆಗಲ್ಲ ವರ್ಲಿನ್."

ಪುಟ್ಟಿ, ನಿನ್ನ ತೋಳು ಸರಿ, ಮಣಿಕಟ್ಟು ಸರಿ, ಧೈರ್ಯವೂ ಸರಿ. ಇಡೀ ಚಳಿಗಾಲ ನಿನ್ನನ್ನು ಮೂರಡಿ ಹತ್ತಿರ ನಿಲ್ಲಿಸಿ ಕಲಿಸಿ, ಅದನ್ನೇ ಪೂರ್ತಿ ದೂರವೆಂದು ನಂಬಿಸಿ ಕಳಿಸಿದವನು ನಾನು. ನಿನ್ನ ಚೆಂಡು ನಾನು ಹೇಳಿಕೊಟ್ಟ ಜಾಗಕ್ಕೇ ಬಂದು ಬೀಳುತ್ತಿದೆ. ಇದಾದರೂ ತಿಳಿಯದೆ ಆದ ತಪ್ಪು. ಅದಾದ ಮೇಲೆ, ಅಳೆದು ನೋಡದೆ, "ಬದಲಾದದ್ದು ನೀನೇ ತಾನೇ" ಎಂದು ಬರೆದೆನಲ್ಲ, ಅದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.

ಬೇಕಾದರೆ ನಿಮ್ಮ ಕೋಚಿಗೆ ಎಲ್ಲ ಬರೆದು ತಿಳಿಸುತ್ತೇನೆ. ಹೇಳು.

ತಲೆ ತಗ್ಗಿಸಿ,
ಅಜ್ಜ


ಕಾರ್ವರ್ ಸಿಟಿ
ಜೂನ್ 12, 2024

ಅಜ್ಜ,

ಕಾಗದ ಬಂತು. ಓದಿದೆ. ಕೋಚಿಗೆ ಬರೆಯಬೇಡ.

ಈಗ ಹೆಚ್ಚು ಬರೆಯಲಾರೆ. ಬರೆದರೆ ಕೆಟ್ಟದಾಗಿ ಬರೆಯುತ್ತೇನೆ.

ಮಾರೆನ್


ಕಾರ್ವರ್ ಸಿಟಿ
ಜೂನ್ 19, 2024

ಅಪ್ಪಾ,

ನಾನು ನಿನಗೆ ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು. ಫೋನಿನಲ್ಲಿ ಇದನ್ನು ಕಿರುಚಿ ಹೇಳಲಾಗುವುದಿಲ್ಲ.

ನಿನ್ನ ಕಾಗದವನ್ನು ಮಾರೆನ್ ಊಟದ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ನಾನು ಓದಲಿ ಎಂದೇ ಬಿಟ್ಟಳೋ ಏನೋ. "ನನ್ನ ತಪ್ಪು, ನನ್ನ ತಪ್ಪು" ಎಂದು ನೀನು ಬರೆದದ್ದನ್ನು ಓದಿ ಆಸ್ಪತ್ರೆಗೆ ಹೋದೆ, ಕೆಲಸ ಮಾಡಿದೆ, ಬಂದೆ, ಮತ್ತೆ ಓದಿದೆ.

ಆ ಹಲಗೆ ನಲವತ್ತರಲ್ಲಿದೆ ಎಂದು ನನಗೆ ಗೊತ್ತಿತ್ತು.

ಅಳತೆ ಬದಲಾದ ವಿಷಯ ನನಗೆ ಹಳೆಯದು. ನನ್ನ ಜೊತೆ ಕೆಲಸ ಮಾಡುತ್ತಿದ್ದವಳ ಮಗಳು ಕಾಲೇಜಿಗೆ ಆಡುತ್ತಿದ್ದಳು. ಡಿಸೆಂಬರಿನಲ್ಲಿ ಒಂದು ಸಂಜೆ ನಿಮಗೆ ಕಾಫಿ ತಂದು ಶೆಡ್ಡಿನ ಬಾಗಿಲಲ್ಲಿ ನಿಂತೆ. ನೋಡಿದ ಕೂಡಲೇ ಹತ್ತಿರವಾಯಿತು ಎಂದು ಕಂಡಿತು. ಹೇಳಲು ಬಾಯಿ ತೆರೆದೆ. ನೀನು ಬಕೆಟ್ಟಿನ ಮೇಲಿಂದ ತಿರುಗಿ, "ಜೋಲೀನ್, ನೋಡೇ! ನಿನ್ನದೇ ಗುಳಿ, ನಿನ್ನದೇ ಕಾಲು!" ಎಂದು ಕೂಗಿದೆ. ಕಣ್ಣಲ್ಲಿ ನೀರಿತ್ತು ನಿನಗೆ. ಆಗ ಬಾಯಿ ಮುಚ್ಚಿಕೊಂಡೆ. ನಿನ್ನ ಸಂತೋಷ ಕೆಡಿಸಬಾರದೆಂದು ಮುಚ್ಚಿಕೊಂಡೆ ಎಂದು ಹೇಳಿದರೆ ಅರ್ಧ ಸುಳ್ಳು.

ನಾನು ಎಂಟರಲ್ಲಿ ವಾರ್ಸಿಟಿಗೆ ಹೋದ ಬೇಸಿಗೆ, ನಾಲ್ಕು ವರ್ಷ ಕಾದಿದ್ದ ರಾಬಿನ್ ಹಾಸ್ ಬೆಂಚಿಗೆ ಹೋದಳು. ಬಸ್ಸಿನಲ್ಲಿ ಒಬ್ಬರೂ ನನ್ನ ಪಕ್ಕ ಕೂರಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಕೂರಲಿಲ್ಲ ಅಷ್ಟೇ. ನನ್ನ ಗೆಳತಿಯರೆಲ್ಲ ಎರಡನೇ ತಂಡದ ಬಸ್ಸಿನಲ್ಲಿ ಕೂಗಾಡಿಕೊಂಡು ಹೋಗುತ್ತಿದ್ದರು. ಐದು ಪಟ್ಟಿ ನಿನಗೆ ನೆನಪಿದೆ. ನನಗೆ ಆ ಖಾಲಿ ಸೀಟಿನ ಹಸಿರು ರೆಕ್ಸಿನ್ನು, ಅದರಲ್ಲಿದ್ದ ಹರುಕು ನೆನಪಿದೆ. ಹದಿನೆಂಟಕ್ಕೆ ಬರುವ ಹೊತ್ತಿಗೆ ಚೆಂಡು ಮುಟ್ಟುವುದೇ ಬೇಡವಾಗಿತ್ತು. ಯಾವ ಕಾಲೇಜೂ ಕರೆಯಲಿಲ್ಲ ಎಂದು ನೀನು ಅಂದುಕೊಂಡಿದ್ದೀಯ. ಕರೆದಿದ್ದರು ಅಪ್ಪಾ. ಎರಡು ಕಡೆಯಿಂದ ಕಾಗದ ಬಂದಿತ್ತು. ನೀನು ಗೋದಾಮಿನಿಂದ ಬರುವ ಮೊದಲೇ ಅಂಚೆಪೆಟ್ಟಿಗೆ ನೋಡುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಕಳೆದ ವರ್ಷ ಅವಳ ಅಪ್ಪ ನಮ್ಮನ್ನು ಬಿಟ್ಟು ಹೋದಾಗ ಮಾರೆನ್ ಕಳೆದುಕೊಂಡದ್ದು ಸಾಕಿತ್ತು. ಒಂದು ಬೇಸಿಗೆಯಾದರೂ ತುಂಬಿದ ಬಸ್ಸಿನಲ್ಲಿ ಕೂರಲಿ ಅಂದುಕೊಂಡೆ. ಅವಳು ಕಾರಿನಲ್ಲಿ ಅತ್ತಳು. ನಾನು ಪ್ಯಾನ್‌ಕೇಕ್ ಮಾಡಿದೆ.

ಈಗ ತಪ್ಪೆಲ್ಲ ನೀನು ಹೊತ್ತುಕೊಂಡಿದ್ದೀಯ, ಅದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿಲ್ಲ. ಅವಳಿಗೆ ಹೇಳಲೂ ಆಗುತ್ತಿಲ್ಲ.

ಜೋಲೀನ್


ಡೆನ್‌ಬಿ
ಜೂನ್ 25, 2024

ಜೋಲೀನ್ ಮಗಳೇ,

ಆ ಐದು ಬೇಸಿಗೆಯೂ ನಾನು ಪಿಕಪ್ಪಿನಲ್ಲಿ ನಿಮ್ಮ ಬಸ್ಸಿನ ಹಿಂದೆಯೇ ಬರುತ್ತಿದ್ದೆ. ಹಿಂದಿನ ಕಿಟಕಿಯಲ್ಲಿ ಒಂದೇ ತಲೆ ಕಾಣುತ್ತಿತ್ತು, ನಿನ್ನ ಹಳದಿ ಜಡೆ. ಉಳಿದವರೆಲ್ಲ ಮುಂದೆ ಗುಂಪಾಗಿರುತ್ತಿದ್ದರು. "ನೋಡು ಆರ್ಲಿಸ್, ನಮ್ಮ ಹುಡುಗಿಗೆ ಆಟದ ಮೇಲೇ ಮನಸ್ಸು" ಎಂದು ನಿನ್ನ ಅಮ್ಮನಿಗೆ ಹೇಳುತ್ತಿದ್ದೆ. ಅವಳು ಏನೂ ಹೇಳುತ್ತಿರಲಿಲ್ಲ. ಅವಳು ಹಾಗೆ ಏನೂ ಹೇಳದೆ ಕೂತಾಗ ನಾನು ಕೇಳಿಸಿಕೊಳ್ಳಬೇಕಿತ್ತು. ಆಗ ಎರಡು ಕಿವಿಯೂ ಸರಿಯಿದ್ದವು.

ನಿನ್ನ ಕಾಗದವನ್ನು ಅವಳಿಗೆ ಓದಲು ಕೊಟ್ಟೆ. ಓದಿ, ಮಡಚಿ, "ಅಂಚೆಪೆಟ್ಟಿಗೆ ವಿಷಯ ನಂಗೆ ಗೊತ್ತಿತ್ತು" ಅಂದಳು. ಈ ಮನೆಯಲ್ಲಿ ಯಾರಿಗೆ ಏನು ಗೊತ್ತಿಲ್ಲ ಎಂದು ಕೇಳಿದರೆ ನನ್ನೊಬ್ಬನ ಹೆಸರೇ ಬರುತ್ತದೆ.

ಮಾರೆನ್‌ಗೆ ನಾನು ಹೇಳುವುದಿಲ್ಲ. ತಪ್ಪು ನನ್ನ ಹೆಸರಿನಲ್ಲೇ ಇರಲಿ, ಬೋಲ್ಟು ಬಿಗಿದವನು ನಾನೇ ತಾನೇ. ಆದರೆ ಒಂದು ಮಾತು, ಕೋಪಿಸಿಕೊಳ್ಳಬೇಡ. ನಿನಗೆ ಏನು ಬೇಕು ಎಂದು ನಾನು ಒಂದು ದಿನವೂ ಕೇಳಲಿಲ್ಲ. ನೀನೂ ಅವಳನ್ನು ಕೇಳಲಿಲ್ಲ. ನಾನು ನಿನ್ನನ್ನು ಮುಂದಕ್ಕೆ ತಳ್ಳಿದೆ, ನೀನು ಅವಳನ್ನು ಹಿಂದಕ್ಕೆ ಹಿಡಿದೆ. ನಿನ್ನದು ಪ್ರೀತಿ ಎಂದು ನನಗೆ ಗೊತ್ತು. ನನ್ನದೂ ಅದೇ ಆಗಿತ್ತು, ಆಗ.

ಆ ಮಗು ನನಗೆ ಬರೆಯುತ್ತಿಲ್ಲ. ಅಂಚೆಯವಳು ಬಂದಾಗಲೆಲ್ಲ ಹೊರಗೆ ಹೋಗುತ್ತೇನೆ. "ಬರೀ ಬೀಜದ ಕಂಪನಿ ಕ್ಯಾಟಲಾಗು ವರ್ಲಿನ್" ಅನ್ನುತ್ತಾಳೆ.

ಜ್ವರವಿದ್ದಾಗ ಎಸೆಯಿಸಿದ್ದಕ್ಕೆ ಕ್ಷಮಿಸು.

ಅಪ್ಪ


ಕಾರ್ವರ್ ಸಿಟಿ
ಜುಲೈ 16, 2024

ಅಜ್ಜಾ,

ಇದು ಉದ್ದದ ಕಾಗದ, ಕನ್ನಡಕ ಹಾಕಿಕೋ.

ಮೊದಲು ಕೋಪದ ವಿಷಯ. ನನಗೆ ತುಂಬಾ ಕೋಪ ಬಂದಿತ್ತು. ಮೂರಡಿಗಲ್ಲ, ಮಣಿಕಟ್ಟಿಗೆ. ನೀನು ಹೇಳಿದೆಯೆಂದು ಗೋಡೆಗೆ ಐವತ್ತು ಹೆಚ್ಚು ಎಸೆದೆ, ಹನ್ನೆರಡು ದಿನ. ಬೆರಳು ಒಡೆದು ರಕ್ತ ಬಂತು. ಅದನ್ನು ಮೊದಲು ಹೇಳಿಬಿಡಬೇಕಿತ್ತು, ಹೇಳಿದೆ.

ಮೂರಡಿಯ ಕಾಗದ ಬಂದ ಮಾರನೆಯ ದಿನ ಜೆವಿ ಬಸ್ಸಿನಲ್ಲಿ, ನನ್ನ ಚೆಂಡು ಹಿಡಿಯುವ ಬ್ರಿನ್‌ಗೆ ಎಲ್ಲ ಹೇಳಿದೆ. ಅವಳು, "ಅಯ್ಯೋ, ನಿಮ್ಮಜ್ಜ ನಿನ್ನ ಸಣ್ಣ ಮಕ್ಕಳ ಮೈದಾನದಲ್ಲೇ ಸಾಕಿದ್ದಾನೆ ಕಣೇ!" ಎಂದು ಸೀಟಿನಿಂದ ಬಿದ್ದು ನಕ್ಕಳು. ಮೊದಲು ಅಳು ಬಂತು, ಆಮೇಲೆ ನಗು. ಆವತ್ತಿನಿಂದ ಇಡೀ ತಂಡ ನನ್ನನ್ನು ನಲವತ್ತು ಎಂದೇ ಕರೆಯುತ್ತದೆ. "ಏಯ್ ನಲವತ್ತೂ, ಸೂರ್ಯಕಾಂತಿ ಬೀಜ ಈ ಕಡೆ ಪಾಸ್ ಮಾಡೇ!" ಎಂದು. ಬ್ರಿನ್ ದಿನಾ ನನ್ನ ಜೊತೆ ಅರ್ಧ ಗಂಟೆ ಹೆಚ್ಚು ನಿಂತಳು. ಒಂದೊಂದೇ ಅಡಿ ಹಿಂದೆ ಹೋಗಿ ಅಭ್ಯಾಸ ಮಾಡಿದೆ. ಮೊದಲ ಮೂರು ಆಟ ಸೋತೆವು. ನಾಲ್ಕನೆಯದರಲ್ಲಿ ನಿಧಾನದ ಚೆಂಡು ಪ್ಲೇಟಿನ ಮೇಲೆಯೇ ಬಿತ್ತು. ಬ್ಯಾಟು ಹಿಡಿದವಳು ಚೆಂಡು ಬರುವ ಮೊದಲೇ ಬೀಸಿ ತಿರುಗಿಬಿಟ್ಟಳು. ಬ್ರಿನ್ ಗ್ಲೋವ್ ಎತ್ತಿ ಹಿಡಿದು, "ಹುಟ್ತು! ಜೀವ ಇದೆ!" ಎಂದು ಕೂಗಿದಳು. ಅಂಪೈರ್ ಸುಮ್ಮನಿರಲು ಹೇಳಿದರು.

ಎರಡನೆಯದು ಅಮ್ಮನ ವಿಷಯ. ಅವಳು ಹೇಳಿದಳು. ನಿನಗೂ ಬರೆದಿದ್ದಾಳಂತೆ. ಜೆವಿಯ ಕೊನೆಯ ಆಟ ಮುಗಿದು ಮೈದಾನದ ಹೊರಗೆ ಕಾರಿನಲ್ಲಿ ಕೂತಾಗ, ಚಾವಿ ತಿರುಗಿಸದೆ, ಸ್ಟಿಯರಿಂಗ್ ನೋಡಿಕೊಂಡು ಹೇಳಿದಳು. ಎರಡು ದಿನ ನಾನು ನನ್ನ ಕೋಣೆಯಲ್ಲೇ ಊಟ ಮಾಡಿದೆ. ಮೂರನೆಯ ದಿನ ಅವಳು ಆಸ್ಪತ್ರೆಯಿಂದ ಬಂದ ಕೂಡಲೇ, "ಶೂ ಬಿಚ್ಬೇಡ, ಬಾ" ಎಂದು ಮೈದಾನಕ್ಕೆ ಕರೆದುಕೊಂಡು ಹೋದೆ. ಚೆಂಡು ಕೈಗೆ ಕೊಟ್ಟು, "ಎಸಿ" ಅಂದೆ.

"ಮಾರೆನ್, ನಾನು ಚೆಂಡು ಮುಟ್ಟಿ ಇಪ್ಪತ್ತೈದು ವರ್ಷ ಆಯ್ತು."

"ಗೊತ್ತು. ಎಸಿ."

ಆಸ್ಪತ್ರೆಯ ಬಿಳಿ ಶೂನಲ್ಲೇ ಹಲಗೆಯ ಮೇಲೆ ನಿಂತಳು. ಅಜ್ಜಾ, ಅವಳ ತೋಳು ತಿರುಗಿದ್ದು ನೀನು ನೋಡಬೇಕಿತ್ತು, ಎಣ್ಣೆ ಹಾಕಿದ ಹಾಗೆ. ಕಾಲು ಎಳೆದಳು, ಅದೇ ಎಳೆತ. ಚೆಂಡು ಬಂತು, ಬಂತು, ಪ್ಲೇಟಿನ ಮುಂದೆ ಮಣ್ಣಿಗೆ ಬಿತ್ತು. ಇನ್ನೊಂದು, ಮಣ್ಣಿಗೆ. ಮೂರನೆಯದು ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು.

"ದೇವ್ರೇ, ಇಷ್ಟು ದೂರಾನಾ!" ಅಂದಳು.

"ಹೂಂ ಅಮ್ಮಾ. ಇಷ್ಟು ದೂರ."

ಅಮ್ಮ ಹಲಗೆಯ ಮೇಲೆಯೇ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಐದು ಪಟ್ಟಿಯ ಪಿಚ್ಚರೂ ನಲವತ್ತಡಿಯವಳೇ.

ಮೂರನೆಯದು. ವಾರ್ಸಿಟಿಯವರು ಪ್ರಾದೇಶಿಕ ಪಂದ್ಯಕ್ಕೆ ಹೋಗುವಾಗ ಜೆವಿಯಿಂದ ಇಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಕೋಚ್ ನನ್ನನ್ನು ಕರೆದರು. ಆಡಲಿಕ್ಕಲ್ಲ, ಸಮವಸ್ತ್ರ ಹಾಕಿ ಬೆಂಚಿನಲ್ಲಿ ಕೂರಲಿಕ್ಕೆ. ಹೋದೆ. ಆ ಸಮವಸ್ತ್ರ ನನಗೆ ಬಹಳ ಇಷ್ಟವಾಯಿತು, ಸುಳ್ಳು ಹೇಳಲಾರೆ. ಬಸ್ಸು ಹತ್ತಿದಾಗ ಹಿಂದಿನ ಸೀಟಿನಲ್ಲಿ ಪೇಟನ್ ಒಬ್ಬಳೇ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು. ಪಕ್ಕದ ಸೀಟಿನಲ್ಲಿ ಅವಳ ಚೀಲ. "ಚೀಲ ತೆಗಿ" ಅಂದೆ. ತೆಗೆದಳು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಬರುವಾಗ ಸೋತಿದ್ದೆವು, ಅವಳೇ ಎಸೆದದ್ದು. ಅವಳು ನನ್ನ ಭುಜದ ಮೇಲೆ ನಿದ್ದೆ ಹೋದಳು. ಈ ವಿಷಯ ಹೇಳಿದಾಗ ಅಮ್ಮ ಸಿಂಕಿನ ಕಡೆ ತಿರುಗಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಕೊನೆಯದು. ಅಮ್ಮನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಈ ಬೇಸಿಗೆ ಚೆನ್ನಾಗಿತ್ತು, ಬ್ರಿನ್ ಸಿಕ್ಕಿದಳು. ಆದರೂ ನನಗೆ ವಾರ್ಸಿಟಿ ಬೇಕು. ಬೇಗ ಸಿಕ್ಕಿದ್ದರೆ ಒಂಟಿಯಾಗಿರುತ್ತಿದ್ದೆನೋ ಏನೋ, ಅದನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಇನ್ನು ಮೇಲೆ ದೂರ ಎಷ್ಟಿದೆಯೋ ಅಷ್ಟು ಹೇಳಿ, ಇಬ್ಬರೂ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುತ್ತೇವೆ. ಹಲಗೆ ಹಿಂದಕ್ಕೆ ಸರಿಸಿಡು.

ನಿನ್ನ,
ನಲವತ್ತು


ಡೆನ್‌ಬಿ
ನವೆಂಬರ್ 17, 2024

ನನ್ನ ನಲವತ್ತಕ್ಕೆ,

ಅಜ್ಜಿ ಆಗಲೇ ಕುಂಬಳಕಾಯಿ ಸಿಹಿ ಮಾಡಲು ಶುರು ಮಾಡಿದ್ದಾಳೆ. ನನ್ನನ್ನು ಅಡುಗೆಮನೆಯಿಂದ ಓಡಿಸಿದ್ದರಿಂದ ಬರೆಯಲು ಪುರಸೊತ್ತು ಸಿಕ್ಕಿದೆ.

ನೀನು ಹೇಳಿದ ಕೆಲಸ ಆಗಲಿಲ್ಲ. ಅಕ್ಟೋಬರಿನಲ್ಲಿ ಸ್ಪ್ಯಾನರು ಹಿಡಿದು ಶೆಡ್ಡಿಗೆ ಹೋದೆ. ಹಲಗೆಯ ಹಿಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಹಿಂದೆ ಗೋಡೆ. ಡುವೇನ್ ಬಂದು ನೋಡಿ, "ಟ್ರ್ಯಾಕ್ಟರ್ ಹೊರಗೆ ಎಳೀಬಹುದಯ್ಯಾ, ಅದೇನು ನಿನ್ನ ಮಗಳಾ?" ಅಂದ. ಎಳೆಯಬಹುದಿತ್ತು. ಬೋಲ್ಟಿಗೆ ಎಣ್ಣೆ ಬಿಟ್ಟು ಮಂಡಿಯೂರಿದೆ. ಕಣ್ಣ ಮುಂದೆಯೇ ಆ ಗುಳಿ. ಹಲಗೆ ಮೂರಡಿ ಹಿಂದೆ ಹೋದರೆ ನಿನ್ನ ಕಾಲು ಬೀಳುವುದು ಬೇರೆ ಜಾಗದಲ್ಲಿ. ನಿನ್ನ ಅಮ್ಮನ ಐದು ವರ್ಷ ಯಾರೂ ಕಾಲಿಡದೆ ಹಾಗೇ ಉಳಿಯುತ್ತದೆ. ಆ ವರ್ಷಗಳಿಂದ ಅವಳಿಗೆ ಉಳಿದದ್ದು ಆ ಗುಳಿಯೊಂದೇ. ಬಿಚ್ಚಲು ಕೈ ಬರಲಿಲ್ಲ.

ಬಹಳ ಹೊತ್ತು ಅಲ್ಲೇ ಮಂಡಿಯೂರಿದ್ದೆ. ಡುವೇನ್ ನನಗೆ ಎದೆನೋವು ಬಂತೆಂದು ತಿಳಿದು ಅಜ್ಜಿಯನ್ನು ಕೂಗಿದ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಷ್ಟು ಹೊತ್ತಿಗೆ ನನಗೆ ದಾರಿ ಹೊಳೆದಿತ್ತು. "ಏನೂ ಆಗಿಲ್ಲ, ಬಾಗಿಲು ತೆಗೀರಿ" ಅಂದೆ.

ಏಪ್ರಿಲಿನಲ್ಲಿ ನಿನಗೆ ಬರೆದೆನಲ್ಲ, ಮೊದಲ ವರ್ಷ ಎರಡನೇ ತಂಡದಲ್ಲಿ ಕೂತವರು ಅಲ್ಲೇ ಕೂತುಬಿಡುತ್ತಾರೆ ಎಂದು, ಆ ಕಾಗದ ಇನ್ನೂ ಇದ್ದರೆ ಆ ಸಾಲಿಗೆ ಗೀಟು ಹಾಕು. ಈಗ ಆಗದಿದ್ದರೆ ಮುಂದೆ ಆಗುವುದಿಲ್ಲವಾ ಎಂದು ನೀನು ಮೇ ತಿಂಗಳಲ್ಲಿ ಕೇಳಿದ್ದೆ. ನಾನು ಗೊತ್ತಿರುವವನ ಹಾಗೆ ಉತ್ತರ ಬರೆದೆ. ಬೇಗ ಹೋಗುವುದು ಒಳ್ಳೆಯದೋ ತಡವಾಗಿ ಹೋಗುವುದೋ, ನನಗೆ ಗೊತ್ತಿಲ್ಲ ಪುಟ್ಟಿ. ನಿನ್ನ ಅಮ್ಮ ಬೇಗ ಹೋದಳು, ಅವಳಿಗೆ ಒಂದು ಖಾಲಿ ಸೀಟು ಸಿಕ್ಕಿತು. ನೀನು ತಡವಾದೆ, ನಿನಗೆ ಬ್ರಿನ್ ಸಿಕ್ಕಿದಳು. ಇದರಿಂದ ಪಾಠ ಮಾಡೋಣವೆಂದರೆ ಆ ಪೇಟನ್ ಹುಡುಗಿ ಅಡ್ಡ ಬರುತ್ತಾಳೆ, ಅವಳಿಗೆ ಬೇಗವೂ ಆಯಿತು, ಕಡೆಗೆ ನೀನೂ ಸಿಕ್ಕಿದೆ. ನಿನಗೆ ವಾರ್ಸಿಟಿ ಬೇಕೆಂದರೆ ಬೇಕು. ಅಷ್ಟು ಸಾಕು ನನಗೆ.

ಈಗ ವ್ಯವಸ್ಥೆ ಹೀಗಿದೆ. ಹಲಗೆಯ ಬದಲು ಪ್ಲೇಟೇ ಮೂರಡಿ ಆಚೆ ಸರಿದು ಶೆಡ್ಡಿನ ಹೊಸ್ತಿಲಿಗೆ ಬಂದಿದೆ. ದೊಡ್ಡ ಬಾಗಿಲು ಪೂರ್ತಿ ತೆರೆದಿರುತ್ತದೆ. ನನ್ನ ಬಕೆಟ್ಟು ಹೊರಗೆ, ಅಂಗಳದಲ್ಲಿ. ಡುವೇನ್ ತನ್ನ ಪಟ್ಟಿಯಿಂದಲೇ ಅಳೆದ, ಅಜ್ಜಿ ಇನ್ನೊಂದು ಪಟ್ಟಿಯಿಂದ ಅಳೆದಳು, ನನ್ನ ಪಟ್ಟಿಯನ್ನು ಇಬ್ಬರೂ ನಂಬಲಿಲ್ಲ. ನಲವತ್ತಮೂರು. ಬೆನ್ನಿಗೆ ಬಯಲಿನ ಗಾಳಿ ನೇರ ಹೊಡೆಯುತ್ತದೆ. ಹಿಮ ಬಿದ್ದರೆ ತಲೆಯ ಮೇಲೆಯೇ ಬೀಳುತ್ತದೆ. ಅಜ್ಜಿ ಬಕೆಟ್ಟಿಗೆ ಹಳೆಯ ರಜಾಯಿಯ ಗಾದಿ ಹೊಲಿದುಕೊಟ್ಟು, "ಹೆಣ ಹೊತ್ತು ತರೋ ಕೆಲಸ ಮಾತ್ರ ನಂಗೆ ಹಚ್ಬೇಡ" ಎಂದಿದ್ದಾಳೆ.

ಇನ್ನೊಂದು ಬಕೆಟ್ಟೂ ಇದೆ. ನಿನ್ನ ಅಮ್ಮ ಕೂರುವುದಾದರೆ ಕೂರಲಿ, ಎಸೆಯುವುದಾದರೆ ಎಸೆಯಲಿ, ಒಳಗೆ ಕಾಫಿ ಕುಡಿಯುತ್ತಾ ಇರುತ್ತೇನೆಂದರೆ ಅದೂ ಸರಿ. ಈ ಸಲ ಅವಳನ್ನು ಕೇಳುತ್ತೇನೆ. ಉತ್ತರವನ್ನು ಸ್ವಲ್ಪ ಗಟ್ಟಿಯಾಗಿ ಹೇಳಲು ತಿಳಿಸು.

ನೀನು ಹಲಗೆ ಹುಡುಕಬೇಕಾಗಿಲ್ಲ. ಅದು ಇದ್ದಲ್ಲೇ ಇದೆ, ಗುಳಿಯೂ ಇದ್ದಲ್ಲೇ ಇದೆ. ನಿನ್ನ ಕಾಲಿಗೆ ದಾರಿ ಗೊತ್ತು. ಸರಿದವನು ನಾನು. ಕತ್ತಲೆ ಶೆಡ್ಡಿನಿಂದ ಬೆಳಕಿನ ಕಡೆ ನೋಡು, ಬಾಗಿಲಾಚೆ ಕಿವಿಟೋಪಿ ಹಾಕಿಕೊಂಡು ಒಬ್ಬ ಮುದುಕ ಗ್ಲೋವ್ ಹಿಡಿದು ಕೂತಿರುತ್ತಾನೆ.

ಎಸಿ.

ಅಜ್ಜ